ಬ್ರೇಕ್ ಕಿರುಚಿದರೆ ಎಣ್ಣೆ ಬಿಡಬಹುದೆ?

‘ಕಾರಿನ ಬ್ರೇಕ್ ಕಿರ್ ಎನ್ನುತ್ತಿದ್ದರೆ ಗ್ಯಾರೇಜಿಗೆ ದುಡ್ಡು ಸುರಿಯಬೇಡಿ, ಡಿಸ್ಕ್ ಮೇಲೆ ನಾಲ್ಕು ಹನಿ ಎಣ್ಣೆ ಬಿಡಿ’ ಎಂಬ ಧಾಟಿಯ ಸಲಹೆ ನಿಮಗೂ ಬಂದಿರಬಹುದು. ದಯವಿಟ್ಟು ಪಾಲಿಸಬೇಡಿ, ಮುಂದಕ್ಕೆ ಕಳಿಸಲೂ ಬೇಡಿ. ಎಣ್ಣೆ ಬಿಟ್ಟರೆ ಸದ್ದು ನಿಲ್ಲುತ್ತದೆ, ಸುಳ್ಳಲ್ಲ. ಆದರೆ ಕಾರು ನಿಲ್ಲುವುದಿಲ್ಲ.

ಈ ಸಲಹೆ ನಿಜವೆನಿಸಲು ಕಾರಣವಿದೆ. ಬಂಡಿಯ ಗಾಲಿ ಕಿರುಗುಟ್ಟಿದರೆ ಕೀಲೆಣ್ಣೆ ಹಾಕಬೇಕೆಂದು ಮೈಲಾರ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗುವ ಹಡಗಲಿ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಗಾಲಿ ಸಲೀಸಾಗಿ ತಿರುಗಬೇಕು, ಅದಕ್ಕೇ ಎಣ್ಣೆ. ಬ್ರೇಕಿನ ಕೆಲಸ ತದ್ವಿರುದ್ಧ: ತಿರುಗುವ ಡಿಸ್ಕನ್ನು ಪ್ಯಾಡ್‌ಗಳು ಎರಡೂ ಕಡೆಯಿಂದ ಒತ್ತಿ, ಉಜ್ಜಿ ನಿಲ್ಲಿಸಬೇಕು. ‘ಬ್ರೇಕ್ ಆಯಿಲ್’ ಎಂಬ ಹೆಸರೂ ದಾರಿ ತಪ್ಪಿಸುತ್ತದೆ. ಅದು ಬಾನೆಟ್ ಕೆಳಗಿನ ಡಬ್ಬಿಯಲ್ಲಿದ್ದು, ಪೈಪಿನ ಮೂಲಕ ಪೆಡಲ್‌ನ ಒತ್ತಡವನ್ನು ಚಕ್ರಕ್ಕೆ ಸಾಗಿಸುವ ದ್ರವ. ಪ್ಯಾಡಿಗೆ ಹಚ್ಚುವ ಎಣ್ಣೆಯಲ್ಲ.

ಗಂಟೆಗೆ 60 ಕಿ.ಮೀ. ವೇಗದ ಕಾರು ಒಣ ಡಾಂಬರಿನ ಮೇಲೆ, ಬ್ರೇಕ್ ಗಟ್ಟಿಯಾಗಿ ಒತ್ತಿದ ನಂತರ ಸುಮಾರು 20 ಮೀಟರ್ ಸಾಗಿ ನಿಲ್ಲುತ್ತದೆ. ಹಿಡಿತ ಅರ್ಧಕ್ಕಿಳಿದರೆ ಅದು 40 ಮೀಟರ್ ಆಗುತ್ತದೆ. ಕೂಡ್ಲಿಗಿ ಬಳಿ ಹೆದ್ದಾರಿಗೆ ಅಡ್ಡ ಬರುವ ಕುರಿಹಿಂಡಿನ ಮುಂದೆ ಆ 20 ಮೀಟರ್ ಎಲ್ಲಿಂದ ತರುವುದು? ಒಂದೇ ಕಡೆಯ ಚಕ್ರಕ್ಕೆ ಎಣ್ಣೆ ತಗುಲಿದ್ದರೆ ಕಾರು ಇನ್ನೊಂದು ಬದಿಗೆ ಎಳೆಯುತ್ತದೆ, ಅದು ಇನ್ನೂ ಅಪಾಯ.

ಹಾಗಾದರೆ ಸದ್ದೇಕೆ? ಪ್ಯಾಡ್ ಡಿಸ್ಕಿಗೆ ಕ್ಷಣ ಅಂಟಿ, ಜಾರಿ, ಮತ್ತೆ ಅಂಟುವಾಗ ಡಿಸ್ಕ್ ಸೆಕೆಂಡಿಗೆ ಸಾವಿರಾರು ಬಾರಿ ನಡುಗಿ ಗಂಟೆಯಂತೆ ಮೊಳಗುತ್ತದೆ. ಎಲ್ಲ ಕಿರುಚಾಟವೂ ಕೆಟ್ಟದ್ದಲ್ಲ. ಯಾವಾಗ ಕಿರುಚುತ್ತದೆ ಎಂಬುದನ್ನು ಗಮನಿಸಿ.

ರಾತ್ರಿ ಮಳೆ ಬಂದು, ಬೆಳಿಗ್ಗೆ ಮೊದಲ ನಾಲ್ಕೈದು ಸಲ ಮಾತ್ರ ಸದ್ದು ಬಂದರೆ ಅದು ಕಬ್ಬಿಣದ ಡಿಸ್ಕಿನ ಮೇಲಿನ ತೆಳು ತುಕ್ಕು. ತಾನೇ ಉಜ್ಜಿ ಹೋಗುತ್ತದೆ. ಹೊಸ ಪ್ಯಾಡ್ ಹಾಕಿಸಿದಾಗಲೂ ಅದು ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಸ್ವಲ್ಪ ಕಿರುಚಬಹುದು. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಹೊಲದ ದಾರಿಗಳಲ್ಲಿ ಬೇಸಿಗೆಯ ಧೂಳು ಪ್ಯಾಡಿನ ನಡುವೆ ಸೇರುತ್ತದೆ, ಹಿಂದಿನ ಡ್ರಮ್ ಬ್ರೇಕಿನೊಳಗೂ ಕೂರುತ್ತದೆ. ಬಿಚ್ಚಿ ಸ್ವಚ್ಛ ಮಾಡಿಸಿದರೆ ಸಾಕು. ಆ ಧೂಳನ್ನು ಗಾಳಿ ಹೊಡೆದು ಹಾರಿಸುವುದು ನಮಗೆ ಸರಿಕಾಣುವುದಿಲ್ಲ. ಉಸಿರಿನೊಳಗೆ ಹೋಗುತ್ತದೆ, ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇದ್ದಿರಬಹುದು. ಒದ್ದೆ ಮಾಡಿ ಒರೆಸಲಿ. ಕೆಲವೊಮ್ಮೆ ಡಿಸ್ಕಿನ ಹಿಂದಿನ ತಗಡಿಗೆ ಹರಳುಕಲ್ಲು ಸಿಕ್ಕಿಕೊಂಡು, ಬ್ರೇಕ್ ಒತ್ತದೆಯೂ ಕರಕರ ಎನ್ನುತ್ತದೆ.

ನಿರ್ಲಕ್ಷಿಸಬಾರದ್ದು, ದಿನವಿಡೀ ಬಿಡದೆ ಬರುವ ಸಣ್ಣ ಕಿರುಚು. ಅನೇಕ ಪ್ಯಾಡ್‌ಗಳಲ್ಲಿ ಒಂದು ಪುಟ್ಟ ಲೋಹದ ಪಟ್ಟಿ ಇರುತ್ತದೆ. ಪ್ಯಾಡ್ ಸವೆದು 2–3 ಮಿ.ಮೀ. ಉಳಿದಾಗ ಅದು ಡಿಸ್ಕಿಗೆ ತಾಗಿ ಬೇಕೆಂದೇ ಕಿರುಚುತ್ತದೆ. ಹೊಸ ಪ್ಯಾಡ್ ಸುಮಾರು 10 ಮಿ.ಮೀ. ದಪ್ಪ ಇರುತ್ತದೆ. ಎಣ್ಣೆ ಬಿಟ್ಟವರು ನಿಜಕ್ಕೂ ಬಾಯಿ ಮುಚ್ಚಿಸುವುದು ಈ ಎಚ್ಚರಿಕೆಯನ್ನು. ಅದನ್ನೂ ದಾಟಿ ಗರಗರ ಎಂದು ಮಸೆಯುವ ಸದ್ದು ಬಂದರೆ ಪ್ಯಾಡ್ ಮುಗಿದು ಲೋಹಕ್ಕೆ ಲೋಹ ತಾಗುತ್ತಿದೆ ಎಂದರ್ಥ. ಕಾರನ್ನು ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್‌ರನ್ನು ಕರೆಸಿ. ಪಟ್ಟಿ ಇಲ್ಲದ ಪ್ಯಾಡ್‌ಗಳೂ ಇವೆ, ಆದ್ದರಿಂದ ಸದ್ದಿಲ್ಲ ಎಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ಬ್ರೇಕ್ ಆಯಿಲ್ ಮಟ್ಟ ನಿಧಾನಕ್ಕೆ ಇಳಿಯುತ್ತಿದ್ದರೂ ಪ್ಯಾಡ್ ಸವೆದಿರಬಹುದು, ಸೋರಿಕೆಯೂ ಇರಬಹುದು. ಸುಮ್ಮನೆ ತುಂಬಿಸಬೇಡಿ, ತೋರಿಸಿ.

ಕೊಟ್ಟೂರಿನಂಥ ಊರಲ್ಲಿ ಶೋರೂಮ್ ಬೇಕೆಂದೇನಿಲ್ಲ, ಚಕ್ರ ಬಿಚ್ಚಿ ಪ್ಯಾಡಿನ ದಪ್ಪ ನೋಡುವುದು ಯಾವ ಮೆಕ್ಯಾನಿಕ್‌ಗೂ ಬರುವ ಕೆಲಸ. ಸವೆದಿದ್ದರೆ ಎಡ-ಬಲ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಈಗಾಗಲೇ ಎಣ್ಣೆ ಬಿಟ್ಟಿದ್ದರೆ? ಕಾರು ಓಡಿಸಬೇಡಿ. ಡಿಸ್ಕನ್ನು ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ತೊಳೆಯಬಹುದು. ಪ್ಯಾಡ್ ಮಾತ್ರ ಎಣ್ಣೆ ಹೀರಿಕೊಂಡಿರುತ್ತದೆ, ಸೀಮೆಎಣ್ಣೆ, ಪೆಟ್ರೋಲ್ ಹಾಕಿ ಉಜ್ಜಿದರೂ ಬಿಡದು. ಹೊಸದನ್ನೇ ಹಾಕಿಸಬೇಕು.