ಕಂದು ನೆಗೆಟಿವ್‌ನ ಲೆಕ್ಕ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳೇ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕು ಇಳಿಸಿದರೆ ಒಮ್ಮೊಮ್ಮೆ ನೆಗೆಟಿವ್‌ಗಳ ಕಟ್ಟು ಸಿಗುತ್ತೆ. ಕೆಲವು ಗಾಜಿನವು, ಕೆಲವು ಫಿಲ್ಮು. ಬೆಳಕಿಗೆ ಹಿಡಿದರೆ ಚಹಾ ಚೆಲ್ಲಿದಂಥ ಹಳದಿ-ಕಂದು ಬಣ್ಣ. ‘ಕೆಟ್ಟು ಹೋಗ್ಯಾವ, ಒಗೀರಿ ಅತ್ಲಾಗ’ ಅಂತ ಮನೆಯಲ್ಲಿ ಯಾರಾದರೂ ಹೇಳೇ ಹೇಳ್ತಾರೆ. ನನ್ನ ವಾದ ಇಷ್ಟೇ: ಅವುಗಳಲ್ಲಿ ಎಷ್ಟೋ ಕೆಟ್ಟಿಲ್ಲ. ಆ ಕಂದು ಬಣ್ಣವೂ ಚಿತ್ರದ ಒಂದು ಭಾಗವೇ.

ಇದರ ಮೂಲ ನಮಗೆ ಗೊತ್ತಿರುವ ವಸ್ತುವೇ. ತೊಗಲು ಹದ ಮಾಡಲು ಬಳಸುವ ಅಳಲೆಕಾಯಿಯ ಒಗರಿನಲ್ಲಿ ಗ್ಯಾಲಿಕ್ ಆಮ್ಲ ಇರುತ್ತೆ. ಈ ಆಮ್ಲವನ್ನು ಕಾಯಿಸಿ 1786ರಲ್ಲಿ ಶೀಲೆ ಎಂಬ ರಸಾಯನಶಾಸ್ತ್ರಜ್ಞ ಪೈರೋಗ್ಯಾಲಾಲ್ ಪಡೆದ. ನಮ್ಮ ಕಡೆ ಫೋಟೋಗ್ರಫಿ ಬಂದದ್ದೂ ಈ ಒಗರಿನ ಜೊತೆಗೇ. 1855ರಲ್ಲಿ ಕಂಪನಿ ಸರ್ಕಾರ ಕ್ಯಾಪ್ಟನ್ ಥಾಮಸ್ ಬಿಗ್ಸ್ ಅವರನ್ನು ವಿಜಾಪುರ, ಧಾರವಾಡ ಸೀಮೆಯ ಕಟ್ಟಡಗಳ ಫೋಟೋ ತೆಗೆಯಲು ನೇಮಿಸಿತು. ಅವರದು ಕಾಗದದ ನೆಗೆಟಿವ್. ಅದನ್ನು ಡೆವಲಪ್ ಮಾಡುತ್ತಿದ್ದದ್ದು ಗ್ಯಾಲಿಕ್ ಆಮ್ಲದಲ್ಲಿ. ಮುಂದೆ ಜೆಲಾಟಿನ್ ಲೇಪದ ಗಾಜಿನ ಪ್ಲೇಟುಗಳು ಬಂದಾಗ ಪೈರೋಗ್ಯಾಲಾಲ್, ಅಂದರೆ ಫೋಟೋಗ್ರಾಫರುಗಳ ಬಾಯಲ್ಲಿ ‘ಪೈರೋ’, ದಶಕಗಟ್ಟಲೆ ಮುಖ್ಯ ಡೆವಲಪರ್ ಆಗಿ ಉಳಿಯಿತು.

ಪೈರೋ ಬೆಳಕು ತಾಗಿದ ಲವಣವನ್ನು ಬೆಳ್ಳಿಯಾಗಿ ಮಾರ್ಪಡಿಸುವಾಗ ತಾನೂ ಬದಲಾಗುತ್ತೆ. ಸುತ್ತಲಿನ ಜೆಲಾಟಿನ್‌ಅನ್ನು ತೊಗಲು ಹದ ಮಾಡಿದಂತೆಯೇ ಗಟ್ಟಿಗೊಳಿಸಿ, ಹಳದಿ-ಕಂದು ಕಲೆ ಬಿಡುತ್ತೆ. ಬೆಳ್ಳಿ ಹೆಚ್ಚಿದ್ದಲ್ಲಿ ಕಲೆಯೂ ಹೆಚ್ಚು. ಹಾಗಾಗಿ ಒಂದೇ ನೆಗೆಟಿವ್‌ನಲ್ಲಿ ಎರಡು ಚಿತ್ರ: ಒಂದು ಬೆಳ್ಳಿಯದು, ಇನ್ನೊಂದು ಕಲೆಯದು.

ಎರಡನೆಯದು ನಮ್ಮ ಕಣ್ಣಿಗೆ ತೆಳುವಾಗಿ ಕಾಣುತ್ತೆ, ಫೋಟೋ ಕಾಗದಕ್ಕೆ ಅಲ್ಲ. ಹಳೆಯ ಕಾಗದಗಳು ನೀಲಿ ಮತ್ತು ಅತಿನೇರಳೆ ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದವು. ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಹಚ್ಚಬಹುದಾಗಿದ್ದೂ ಅದಕ್ಕೇ. ನೀಲಿಯನ್ನು ತಡೆಯುವ ಹಳದಿ ಕಲೆ ಅಂಥ ಕಾಗದದ ಪಾಲಿಗೆ ಕಪ್ಪೇ ಸರಿ.

ಗೋಕಾಕ ಫಾಲ್ಸ್‌ನ ಗಿರಣಿ 1887ರಲ್ಲೇ ಘಟಪ್ರಭೆಯ ನೀರಿನ ಬಲದಿಂದ ಓಡತೊಡಗಿತು, ನಿಜ. ಆದರೆ ಸುತ್ತಲಿನ ಹಳ್ಳಿಗಳಿಗೆ ಕರೆಂಟ್ ಬರಲು ಬಹಳ ಕಾಲ ಬೇಕಾಯಿತು. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದೇ 1969ರಲ್ಲಿ. ಕರೆಂಟ್ ಇಲ್ಲದ ಕಡೆ ಪ್ರಿಂಟ್ ಹಾಕಲು ಸೂರ್ಯನೇ ಗತಿ. ನೆಗೆಟಿವ್ ಮತ್ತು ಕಾಗದವನ್ನು ಚೌಕಟ್ಟಿನಲ್ಲಿ ಒತ್ತಿ ಬಿಸಿಲಿಗಿಟ್ಟರೆ ಬೆಳ್ಳಿ, ಕಲೆ ಎರಡೂ ಕೆಲಸ ಮಾಡುತ್ತಿದ್ದವು.

ಇದನ್ನು ಅಂಕಿಯಲ್ಲಿ ಹೇಳುವ ದಾರಿ 1890ರಲ್ಲಿ ಸಿಕ್ಕಿತು. ಇಂಗ್ಲೆಂಡಿನ ಹರ್ಟರ್ ಮತ್ತು ಡ್ರಿಫೀಲ್ಡ್ ನೆಗೆಟಿವ್‌ನ ಕಪ್ಪನ್ನು ‘ಸಾಂದ್ರತೆ’ ಎಂದು ಅಳೆದು ಪ್ರಕಟಿಸಿದರು. ಅವರ ಲೆಕ್ಕದಲ್ಲಿ 0.3 ಹೆಚ್ಚಾದರೆ ತೂರಿ ಬರುವ ಬೆಳಕು ಅರ್ಧ. ನಮ್ಮ ಮನೆಯ ಒಂದು ಪ್ಲೇಟನ್ನು ನಾನು ಡೆನ್ಸಿಟೋಮೀಟರಿನಲ್ಲಿ ಅಳೆದೆ. ಮುತ್ತಜ್ಜನ ಬಿಳಿ ರುಮಾಲು ಕಣ್ಣಿನ ಅಳತೆಯಲ್ಲಿ 1.0, ನೀಲಿ ಫಿಲ್ಟರಿನಲ್ಲಿ 1.4. ಅಂದರೆ ಕಣ್ಣು ಅಂದಾಜಿಸಿದ್ದಕ್ಕಿಂತ ಸುಮಾರು ಎರಡೂವರೆ ಪಟ್ಟು ಕಡಿಮೆ ಬೆಳಕು ಕಾಗದ ಮುಟ್ಟುತ್ತೆ. ರುಮಾಲಿನ ಮಡಿಕೆಗಳು ಉಳಿದಿರೋದು ಆ 0.4ರಲ್ಲಿ.

ಇಂದಿನ ಬಹುಪಾಲು ಡಾರ್ಕ್‌ರೂಮ್ ಕಾಗದಕ್ಕೆ ಒಂದೇ ಅಳತೆ ಸಾಲದು. 1940ರಲ್ಲಿ ಇಲ್ಫೋರ್ಡ್ ತಂದ ಮಲ್ಟಿಗ್ರೇಡ್ ಜಾತಿಯ ಕಾಗದದಲ್ಲಿ ನೀಲಿ ಬೆಳಕು ಗಡಸು ಚಿತ್ರ ಕೊಡುತ್ತೆ, ಹಸಿರು ಬೆಳಕು ಮೆದು ಚಿತ್ರ. ಕಲೆಯೇ ಅಲ್ಲಿ ಫಿಲ್ಟರಾಗಿ ನೀಲಿಯನ್ನು ತಡೆದು, ಬಿಳಿ ಭಾಗಗಳನ್ನು ಮೆದುವಾಗಿಸುತ್ತೆ. ಅದಕ್ಕೆ ನೀಲಿ, ಹಸಿರು ಎರಡರಲ್ಲೂ ಅಳೆಯಬೇಕು. ಗಾರ್ಡನ್ ಹಚಿಂಗ್ಸ್ 1991ರಲ್ಲಿ ಪೈರೋ ಬಗ್ಗೆ ಪುಸ್ತಕ ಬರೆದ ಮೇಲೆ ಎಷ್ಟೋ ಜನ ಈ ಕಲೆಯನ್ನು ಬೇಕೆಂದೇ ತರಿಸತೊಡಗಿದರು.

ಹಾಗಂತ ಎಲ್ಲ ಕಂದೂ ಪೈರೋ ಅಲ್ಲ. ಬಣ್ಣ ಚಿತ್ರವನ್ನೇ ಹಿಂಬಾಲಿಸಿದ್ದರೆ, ಅಂದರೆ ಆಕಾಶ, ಧೋತರ, ರುಮಾಲಿನಲ್ಲಿ ದಟ್ಟವಾಗಿ, ನೆರಳಿನಲ್ಲಿ ತೆಳುವಾಗಿ ಇದ್ದರೆ ಅದು ಪೈರೋ ಇರಬಹುದು. ಇಡೀ ಪ್ಲೇಟಿಗೆ ಒಂದೇ ಸಮ ಹರಡಿದ್ದರೆ ಪ್ರಿಂಟಿಗೆ ಹೆಚ್ಚು ಹೊತ್ತು ಬೆಳಕು ಬೇಕು, ಅಷ್ಟೇ; ಅಂಚಿನ ಖಾಲಿ ಜಾಗ ಅಳೆದು ಕಳೆದರಾಯ್ತು. ಚಿತ್ರಕ್ಕೆ ಸಂಬಂಧವೇ ಇಲ್ಲದ ಮಚ್ಚೆಗಳಿದ್ದರೆ ಸರಿಯಾಗಿ ಫಿಕ್ಸ್ ಮಾಡಿಲ್ಲ, ಇಲ್ಲವೇ ತೊಳೆದಿಲ್ಲ.

ಡೆನ್ಸಿಟೋಮೀಟರ್ ಇಲ್ಲದಿದ್ದರೂ ದಾರಿ ಇದೆ. ಸ್ಕ್ಯಾನ್ ಮಾಡಿಸುವಾಗ ಗ್ರೇಸ್ಕೇಲ್ ಬೇಡ, ಕಲರ್‌ನಲ್ಲೇ ಮಾಡಿಸಿ. ಆಮೇಲೆ ನೀಲಿ ಚಾನೆಲ್ ಒಂದನ್ನೇ ತೆರೆದು ಹಸಿರಿನ ಜೊತೆ ಹೋಲಿಸಿ ನೋಡಿ. ‘ಕಪ್ಪು-ಬಿಳುಪು ಫೋಟೋ ತಾನೇ’ ಅಂತ ಬಣ್ಣ ತೆಗೆದುಹಾಕಿದರೆ ಆ ಎರಡನೇ ಚಿತ್ರ ಫೈಲಿಗೆ ಬರೋದೇ ಇಲ್ಲ. ಅಷ್ಟರಲ್ಲಿ ಪ್ಲೇಟು ಗುಜರಿಗೆ ಹೋಗಿದ್ದರೆ, ಮತ್ತೆ ಅಳೆಯಲು ಏನೂ ಉಳಿದಿರುವುದಿಲ್ಲ.