ಮನೆಗೆ ಮರಳಿದ ರೋಗಿಯ ರಕ್ತಹೆಪ್ಪು: ಜಮಖಂಡಿ ಸೀಮೆಯನ್ನು ಕುರಿತು ಒಂದು ವಿಚಾರ

ನ್ಯುಮೋನಿಯಾ, ಹೃದಯದೌರ್ಬಲ್ಯ ಮುಂತಾದ ವ್ಯಾಧಿಗಳಿಗಾಗಿ ಆಸ್ಪತ್ರೆ ಸೇರಿ, ಶಸ್ತ್ರಕ್ರಿಯೆಯ ಪ್ರಸಂಗವಿಲ್ಲದೆಯೇ ಗುಣಮುಖನಾಗಿ ಮನೆಗೆ ಮರಳಿದವನನ್ನು ಗಂಡಾಂತರದಿಂದ ಪಾರಾದವನೆಂದು ಬಂಧುಗಳು ಎಣಿಸುವುದು ಸಹಜವೇ ಆದರೂ, ಕಾಲಿನ ಆಳದ ಅಭಿಧಮನಿಗಳಲ್ಲಿ ರಕ್ತವು ಹೆಪ್ಪುಗಟ್ಟಿ, ಆ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರುವ ಭಯವು ಬಿಡುಗಡೆಯ ದಿನಕ್ಕೇ ಮುಗಿಯತಕ್ಕದ್ದಲ್ಲ. ಅಮೆರಿಕದ ವುಸ್ಟರ್ ನಗರವನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಯಲ್ಲಿದ್ದಾಗ ಈ ವ್ಯಾಧಿಗೆ ತುತ್ತಾದವರ ಪೈಕಿ ಮೂರರಲ್ಲೊಂದು ಪಾಲಿಗೂ ಮಿಕ್ಕವರು ಹಿಂದಿನ ಮೂರು ತಿಂಗಳೊಳಗೆ ಆಸ್ಪತ್ರೆಯಲ್ಲಿದ್ದವರೇ ಆಗಿದ್ದರು.

ಹಾಗಾದರೆ ಎಲ್ಲರಿಗೂ ಹೆಪ್ಪುನಿರೋಧಕ ಮಾತ್ರೆಯನ್ನು ಕೊಟ್ಟು ಕಳುಹಿಸಬಾರದೇಕೆ? ಸುಮಾರು 12,000 ರೋಗಿಗಳನ್ನೊಳಗೊಂಡು 2018ರಲ್ಲಿ ಪ್ರಕಟವಾದ ಮ್ಯಾರಿನರ್ ಪರೀಕ್ಷೆಯಲ್ಲಿ, ಬಿಡುಗಡೆಯ ತರುವಾಯ 45 ದಿನ ರಿವರಾಕ್ಸಬಾನ್ ಎಂಬ ಹೆಪ್ಪುನಿರೋಧಕವನ್ನು ಸೇವಿಸಿದವರಲ್ಲಿ ಹೆಪ್ಪಿನ ಬಾಧೆ ಅಥವಾ ತಜ್ಜನ್ಯ ಮರಣವು ಶೇಕಡಾ 0.83, ಸೇವಿಸದವರಲ್ಲಿ ಶೇಕಡಾ 1.10 ಆಗಿತ್ತು; ಈ ಅಂತರವು ಸಂಖ್ಯಾಶಾಸ್ತ್ರದ ಒರೆಗೆ ನಿಲ್ಲಲಿಲ್ಲ. ತೀವ್ರ ರಕ್ತಸ್ರಾವವೋ ವಿರಳವಾದರೂ ಔಷಧ ಪಡೆದವರಲ್ಲೇ ಅಧಿಕ. ಆದುದರಿಂದ ಸರ್ವರಿಗೂ ಮಾತ್ರೆಯೆಂಬ ಮಾತನ್ನು ನಾನು ಒಪ್ಪಲಾರೆ. ಅದು ವೈದ್ಯನು ಆಯ್ದ ಕೆಲವರಿಗೆ ಮಾತ್ರ ಸಲ್ಲತಕ್ಕದ್ದು. ಉಳಿದವರಿಗೆ ಬೇಕಾದುದು ಕಾವಲು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಂದ ಬಾಗಲಕೋಟೆಗೋ ವಿಜಯಪುರಕ್ಕೋ ಬೆಳಗಾವಿಗೋ, ಗಡಿಯಾಚೆಯ ಮಿರಜಿಗೋ ಹೋದ ರೋಗಿಯು ಮೊಣಕಾಲು ಮಡಿಸಿ ವಾಹನದಲ್ಲಿ ಕುಳಿತು ಹಿಂದಿರುಗಿ, ಬಳಿಕ ವಿಶ್ರಾಂತಿಯ ಹೆಸರಿನಲ್ಲಿ ಹಾಸಿಗೆ ಹಿಡಿಯುತ್ತಾನೆ. ಈ ಸೀಮೆಯ ಕುಣಿಮಗ್ಗದಲ್ಲಿ ದಿನವಿಡೀ ಹಲಗೆ ತುಳಿದ ನೇಕಾರನ ಮೀನಖಂಡವು ರಕ್ತವನ್ನು ಹೃದಯದತ್ತ ಒತ್ತುವ ಯಂತ್ರವೇ ಸರಿ. ಅದು ಸ್ತಬ್ಧವಾದೊಡನೆ ರಕ್ತದ ಗತಿಯೂ ಮಂದವಾಗುತ್ತದೆ. ಎರಡೂ ಪಾದಗಳು ಸಮನಾಗಿ ಬಾತರೆ ಹೃದಯ, ಮೂತ್ರಪಿಂಡಗಳತ್ತ ನೋಡಬೇಕಾಗುವುದು. ಒಂದೇ ಕಾಲು ಬಾತು, ಮೀನಖಂಡ ನೋಯುವುದಾದರೆ ಶಂಕೆಯು ಹೆಪ್ಪಿನ ಮೇಲೆ. ಮನೆಯ ಹಿರಿಯರಾದರೋ “ನರ ಹಿಡದಾವ, ತಿಕ್ಕಿದರ ಹೋಗ್ತದ” ಎಂದು ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಈ ವಾತ್ಸಲ್ಯವೇ ಹೆಪ್ಪನ್ನು ಕದಲಿಸುವ ಸಂಭವವುಂಟು. ಮೊಣಕಾಲ ಕೆಳಗಿನ ಎಲುಬಿನ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಮೀನಖಂಡಗಳ ಸುತ್ತಳತೆ ತೆಗೆದಾಗ ವ್ಯತ್ಯಾಸವು 3 ಸೆಂ.ಮೀ. ಮೀರಿದರೆ ಅದನ್ನು ಗಣನೀಯ ಚಿಹ್ನೆಯೆಂದು ವೈದ್ಯರು ಎಣಿಸುತ್ತಾರೆ. ಸೀರೆಯ ಅಳತೆಯಲ್ಲಿ ಪಳಗಿದ ಬನಹಟ್ಟಿಯಲ್ಲಿ ಟೇಪು ದುರ್ಲಭವಲ್ಲವಷ್ಟೆ! ಅಂತರವಿಲ್ಲದ ಮಾತ್ರಕ್ಕೆ ಹೆಪ್ಪಿಲ್ಲವೆಂದು ಹೇಳಲಾಗದು; ನಿರ್ಣಯಕ್ಕೆ ಡಾಪ್ಲರ್ ಪರೀಕ್ಷೆಯೇ ಬೇಕು.

ಆದಕಾರಣ ಈ ಸೀಮೆಯ ರೋಗಿಗಳನ್ನು ಬೀಳ್ಕೊಡುವ ವೈದ್ಯಮಹಾಶಯರಲ್ಲಿ ನನ್ನ ಬಿನ್ನಹವಿಷ್ಟೆ: ಡಿಸ್ಚಾರ್ಜ್ ಕಾರ್ಡಿನಲ್ಲಿ, ಒಂದೇ ಕಾಲು ಬಾತರೆ ತಿಕ್ಕಬೇಡಿರಿ, ತಟ್ಟನೆ ಏದುಸಿರು ಬಂದರೆ ಅಥವಾ ಎದೆನೋವು ಕಾಣಿಸಿದರೆ ಆ ಕ್ಷಣವೇ ಆಸ್ಪತ್ರೆಗೆ ಬನ್ನಿರಿ ಎಂದು ಅಚ್ಚಗನ್ನಡದಲ್ಲಿ ಬರೆದು, ರೋಗಿಯ ಜೊತೆಗೆ ಬಂದವರಿಗೆ ಓದಿ ಹೇಳಿರಿ.