ನಿಂತ ಗಾಡಿ, ಇಳಿದ ಬ್ಯಾಟರಿ: ಹ್ಯಾಂಡಲ್ ಕಾಲದಿಂದ ಲಾಕ್‌ಡೌನ್‌ವರೆಗೆ

ಕ್ಯಾಪ್ಷನ್ ಉದ್ದ ಐತಿ, ಗೊತ್ತು. ಆದ್ರೂ ಓದ್ರಿ, ನಿಮ್ಮನಿ ಗಾಡಿಗೇ ಉಪಯೋಗ ಆಗುತ್ತೆ.

1/5
2020ರ ಮಾರ್ಚ್ 25 ನೆನಪೈತಾ? ಲಾಕ್‌ಡೌನ್ ಶುರುವಾದ ದಿನ. ನಾವೆಲ್ಲ ಆಗ ಇನ್ನೂ ಹೈಸ್ಕೂಲು. ಬ್ಯಾಡಗಿ ಮೆಣಸಿನಕಾಯಿ ಸೀಸನ್ ಪೂರ್ತಿ ಮುಗಿದಿರಲಿಲ್ಲ, ಗಾಡಿಗಳೆಲ್ಲ ನಿಂತಲ್ಲೇ ನಿಂತವು. ಕರ್ನಾಟಕದಲ್ಲಿ ಬಸ್ಸು, ಟ್ಯಾಕ್ಸಿ, ಆಟೋ ಮತ್ತೆ ಓಡೋಕೆ ಅನುಮತಿ ಸಿಕ್ಕಿದ್ದು ಮೇ 19ಕ್ಕೆ. ಅಂದ್ರೆ ನಡುವೆ 55 ದಿನ. ಅವತ್ತು ಕೀ ತಿರುಗಿಸಿದ ಎಷ್ಟೋ ಜನಕ್ಕೆ ಕೇಳಿಸಿದ್ದು ಒಂದೇ ಸದ್ದು: ಟಿಕ್ ಟಿಕ್ ಟಿಕ್.

ಹಿಮ ಬೀಳೋ ದೇಶಗಳಲ್ಲಿ ಇದು ಹಳೇ ಕಾಟ. ಚಳಿಗಾಲ ಪೂರ್ತಿ ಕಾರನ್ನ ಶೆಡ್ಡಿನಲ್ಲಿಟ್ಟು, ಚಳಿ ಮುಗಿದ ಮೇಲೆ ತೆಗೆದ್ರೆ ಬ್ಯಾಟರಿಯಲ್ಲಿ ಜೀವ ಇರಲ್ಲ. ನಮಗೆ ಅದೇ ಕಾಟ ಬಂದಿದ್ದು ಉರಿ ಬೇಸಿಗೆಯೊಳಗ.

2/5
ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಬ್ಯಾಟರಿ ಕಾರಿಗಿಂತ ಹಳೇದು. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎರಡು ಸೀಸದ ಹಾಳೆಗಳನ್ನ ಒಂದಕ್ಕೊಂದು ತಾಗದಂಗ ಸುರುಳಿ ಸುತ್ತಿ, ನೀರು ಬೆರೆಸಿದ ಸಲ್ಫ್ಯೂರಿಕ್ ಆ್ಯಸಿಡ್‌ನಲ್ಲಿ ಮುಳುಗಿಸಿದ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿ ಅದು. 1881ರಲ್ಲಿ ಕಮೀಲ್ ಫೋರ್ ಸೀಸದ ಪ್ಲೇಟಿಗೆ ಪೇಸ್ಟ್ ಬಳಿಯೋ ವಿಧಾನ ತಂದ. ಇವತ್ತು ನಿಮ್ಮ ಬಾನೆಟ್ ಕೆಳಗೆ ಕೂತಿರೋದೂ ಅದೇ ಸೀಸ, ಅದೇ ಆ್ಯಸಿಡ್. 160 ವರ್ಷ ದಾಟಿತು, ಮೂಲ ಲೆಕ್ಕ ಬದಲಾಗಿಲ್ಲ!

ಆದ್ರೆ ಮೊದಮೊದಲ ಪೆಟ್ರೋಲ್ ಕಾರು ಸ್ಟಾರ್ಟ್ ಮಾಡೋಕೆ ಬ್ಯಾಟರಿ ಅಲ್ಲ, ರಟ್ಟೆ ಬೇಕಿತ್ತು. ಮುಂದೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಬೇಕು. ಎಂಜಿನ್ ಉಲ್ಟಾ ಒದ್ದರೆ ಕೈ ಮುರೀತಿತ್ತು. ಅದಕ್ಕೇ ಹೆಬ್ಬೆರಳನ್ನ ಹ್ಯಾಂಡಲ್ ಸುತ್ತ ಹಾಕಬೇಡ ಅಂತ ಕಲಿಸ್ತಿದ್ರು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಮಾಡಿದ ಎಲೆಕ್ಟ್ರಿಕ್ ಸೆಲ್ಫ್ ಸ್ಟಾರ್ಟರ್ ಬಂತು. ನಾವು ಇವತ್ತಿಗೂ "ಸೆಲ್ಫ್ ಹೊಡಿ" ಅಂತೀವಲ್ಲ, ಅದು ಇದೇ. ಹೆನ್ರಿ ಫೋರ್ಡ್‌ನ ಮಾಡೆಲ್ ಟಿಗೆ ಸೆಲ್ಫ್ ಬಂದಿದ್ದು 1919ರಲ್ಲಿ.

ನಮ್ಮ ದೇಶದಲ್ಲಿ ಹ್ಯಾಂಡಲ್ ಬಹಳ ಕಾಲ ಉಳೀತು. ಹಳೇ ಅಂಬಾಸಿಡರ್, ಜೀಪುಗಳಿಗೆ ಮುಂದೆ ಹ್ಯಾಂಡಲ್ ತೂತು ಇರ್ತಿತ್ತು. ಬ್ಯಾಟರಿ ಕೈಕೊಟ್ಟರೆ ಡಿಕ್ಕಿಯಿಂದ ಹ್ಯಾಂಡಲ್ ತೆಗೆಯೋದು, ಅಷ್ಟೇ. ಆಮೇಲೆ ಆ ತೂತು ಮುಚ್ಚಿತು. ಅದೇ ಹೊತ್ತಿಗೆ ಗಡಿಯಾರ, ಅಲಾರ್ಮ್, ಸೆಂಟ್ರಲ್ ಲಾಕ್ ಬಂದವು. ಗಾಡಿ ನಿಂತಿದ್ರೂ ಇವು ಬ್ಯಾಟರಿ ತಿಂತಾನೇ ಇರ್ತಾವ.

3/5
ಎಷ್ಟು ತಿಂತಾವ? ಬಿಕಾಂ ಓದೋರು, ಕ್ಯಾಲ್ಕುಲೇಟರ್ ತಗೀರಿ. ಸಣ್ಣ ಕಾರಿನ ಬ್ಯಾಟರಿ 35 ಆ್ಯಂಪಿಯರ್-ಅವರ್ ಅಂತ ಇಟ್ಕೊಳ್ಳಿ. ನಿಂತ ಗಾಡಿ 30 ಮಿಲಿಆ್ಯಂಪಿಯರ್ ಎಳೀತೈತಿ ಅಂದ್ರೆ ದಿನಕ್ಕೆ 0.72. ಗುಣಿಸು 55 ದಿನ: ಹತ್ತಿರತ್ತಿರ 40. ಬ್ಯಾಟರಿಯಲ್ಲಿ ಇದ್ದದ್ದೇ 35! ಇದರ ಜೊತೆ ಬ್ಯಾಟರಿ ತನ್ನಷ್ಟಕ್ಕೆ ತಾನೇ ಇಳಿಯೋದು ಬೇರೆ. ಬಿಸಿಲು 10 ಡಿಗ್ರಿ ಏರಿದ್ರೆ ಆ ಇಳಿಯೋ ವೇಗ ಹೆಚ್ಚುಕಮ್ಮಿ ಎರಡು ಪಟ್ಟು. ಏಪ್ರಿಲ್, ಮೇ ತಿಂಗಳ ನಮ್ಮೂರಿನ ಬಿಸಿಲು ನಿಮಗೇ ಗೊತ್ತು.

ಖಾಲಿಯಾದ್ರೆ ಮತ್ತೆ ತುಂಬಿದ್ರಾಯ್ತು ಅಂತೀರಾ? ಅಲ್ಲೇ ಐತಿ ತೊಂದರೆ. ಚಾರ್ಜ್ ಇಳಿದಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತೆ. ಬೇಗ ಚಾರ್ಜ್ ಮಾಡಿದ್ರೆ ಕರಗುತ್ತೆ. ವಾರಗಟ್ಟಲೆ ಬಿಟ್ರೆ ಗಟ್ಟಿ ಹರಳಾಗುತ್ತೆ, ಆಮೇಲೆ ಪೂರ್ತಿ ವಾಪಸ್ ಬರಲ್ಲ. ಅಕೌಂಟ್ಸ್‌ನಲ್ಲಿ ಮಷಿನ್ ಸುಮ್ಮನೆ ನಿಂತಿದ್ರೂ ಡಿಪ್ರಿಸಿಯೇಷನ್ ಬರೀಬೇಕು ಅಂತ ಸರ್ ಹೇಳಿದಾಗ ನನಗೆ ಅನ್ಯಾಯ ಅನಿಸಿತ್ತು. ಈಗ ಅನಿಸಲ್ಲ.

4/5
ನಮ್ಮ ಕಾಕಾ ಟೂರಿಸ್ಟ್ ಗಾಡಿ ಓಡಿಸ್ತಾರೆ. ಗಾಡಿ ಸಾಲದ್ದು. ಆರ್‌ಬಿಐ ಮಾರ್ಚ್ 27ಕ್ಕೆ ಮೂರು ತಿಂಗಳ ಕಂತು ಮುಂದೂಡೋಕೆ ಬ್ಯಾಂಕುಗಳಿಗೆ ಅವಕಾಶ ಕೊಟ್ಟಿತು, ಆದ್ರೆ ಬಡ್ಡಿ ಓಡ್ತಾನೇ ಇತ್ತು. ಮೇನಲ್ಲಿ ಬಾಡಿಗೆ ಸಿಕ್ಕ ಮೊದಲ ದಿನವೇ "ಗಾಡಿ ಚಾಲೂ ಆಗವಲ್ದು" ಅಂತ ಕಾಕಾ ಬಾನೆಟ್ ಎತ್ತಿ ನಿಂತಿದ್ರು. ಮೀಟರ್ ಹಚ್ಚಿದ್ರೆ 9 ವೋಲ್ಟ್ ಚಿಲ್ಲರೆ. ಎರಡು ರಾತ್ರಿ ಚಾರ್ಜಿಗೆ ಇಟ್ಟರೂ ಹಿಡೀಲಿಲ್ಲ. ಎರಡು ತಿಂಗಳು ದುಡಿಮೆ ಇಲ್ಲದ ಮನಿಗೆ ಹೊಸ ಬ್ಯಾಟರಿ ಅಂದ್ರೆ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಆ ಬಾಡಿಗೆ ಬೇರೆಯವರಿಗೆ ಹೋಯ್ತು.

5/5
ನಿಮ್ಮ ಗಾಡಿ ನಿಂತಿದ್ರೆ ಮೊದಲು ಹಾರ್ನ್ ಹೊಡೀರಿ. ದನಿ ಬಿದ್ದಿದ್ರೆ, ಲೈಟ್ ಮಂಕಾದ್ರೆ ಬ್ಯಾಟರಿ ಇಳಿದಿರಬೇಕು. ಲೈಟ್ ಜೋರಾಗೇ ಉರಿದು ಸೆಲ್ಫ್ ಮಾತ್ರ ತಿರುಗದಿದ್ರೆ ಟರ್ಮಿನಲ್ ನೋಡಿ: ಬಿಳಿ-ಹಸಿರು ಪುಡಿ ಕಟ್ಟಿರಬಹುದು. ವೈರ್ ಬಿಚ್ಚಿ, ಬಿಸಿನೀರಿಗೆ ಸೋಡಾ ಹಾಕಿ ತೊಳೀರಿ. ಮೀಟರ್‌ನಲ್ಲಿ 12.6 ಬಂದ್ರೆ ಫುಲ್. 12ಕ್ಕಿಂತ ಕೆಳಗೆ ಇದ್ರೆ ತಡ ಮಾಡದೆ ನಿಧಾನ ಚಾರ್ಜ್ ಮಾಡಿಸಿ. 35ರ ಬ್ಯಾಟರಿಗೆ ಮೂರೂವರೆ ಆ್ಯಂಪಿಯರ್ ಸಾಕು.

ಬೇರೆ ಗಾಡಿಯಿಂದ ಜಂಪ್ ಕೊಡೋದಾದ್ರೆ ಕೆಂಪು ವೈರ್ ಮೊದಲು, ಪ್ಲಸ್‌ಗೆ ಪ್ಲಸ್. ಕಪ್ಪು ವೈರಿನ ಒಂದು ತುದಿ ಒಳ್ಳೇ ಬ್ಯಾಟರಿಯ ಮೈನಸ್‌ಗೆ. ಇನ್ನೊಂದು ತುದಿ ಇಳಿದ ಬ್ಯಾಟರಿಗೆ ಅಲ್ಲ, ಆ ಗಾಡಿಯ ಎಂಜಿನ್ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಬ್ಯಾಟರಿ ಬಿಡೋ ಹೈಡ್ರೋಜನ್‌ಗೆ ಕಿಡಿ ತಾಗಿದ್ರೆ ಸಿಡಿಯುತ್ತೆ. ಬೀಡಿ-ಸಿಗರೇಟು ಅಂತೂ ಹತ್ರ ಬರಬಾರದು.

ತಿಂಗಳುಗಟ್ಟಲೆ ಗಾಡಿ ನಿಲ್ಲಿಸೋದಿದ್ರೆ ಮೈನಸ್ ಟರ್ಮಿನಲ್ ಬಿಚ್ಚಿಡಿ. ಹತ್ತು ನಂಬರ್ ಸ್ಪ್ಯಾನರ್ ಸಾಕು, ಎರಡು ನಿಮಿಷದ ಕೆಲಸ. ಬಿತ್ತನೆ ಮುಗಿಸಿ ಟ್ರ್ಯಾಕ್ಟರ್ ಮೂಲೆಗೆ ನಿಲ್ಲಿಸೋ ಮನೆಗಳಿದ್ರೆ ಅವರಿಗೆ ಈ ಪೋಸ್ಟ್ ಕಳಿಸಿ. ಲಾಕ್‌ಡೌನ್‌ನಲ್ಲಿ ನಿಮ್ಮನಿ ಗಾಡಿ ಎಷ್ಟು ದಿನ ನಿಂತಿತ್ತು? ಕಾಮೆಂಟ್‌ನಲ್ಲಿ ಹಾಕ್ರಿ, 0.72ರಿಂದ ನಾನೇ ಗುಣಿಸಿ ಹೇಳ್ತೀನಿ.

#ರಾಣೆಬೆನ್ನೂರು #ಬ್ಯಾಡಗಿ #ಹಾವೇರಿ #ಬಿಕಾಂಹುಡುಗರು #ಇತಿಹಾಸ